ಹಾಲೇಶಪ್ಪನ ರಕ್ತ

ವಾಸನೆ ಅದೇ. ಗದಿಗೆವ್ವನಿಗೆ ಅನುಮಾನವೇ ಉಳಿಯಲಿಲ್ಲ. ಹಿರಿಯ ಮಗ ಹಾಲೇಶಪ್ಪ ಹಿತ್ತಲ ಬಾಗಿಲಿನಿಂದ ಒಳಬಂದು, ಮುಖ ತೊಳೆದು, ಬಾಯಿಗೆ ಏಲಕ್ಕಿ ಹಾಕಿಕೊಂಡಿದ್ದ. ಏಲಕ್ಕಿಯನ್ನೂ ಮೀರಿ ಸಾರಾಯಿಯ ವಾಸನೆ ಬರುತ್ತಿತ್ತು.

“ಮತ್ತ ಕುಡದಿ ಏನೋ?”

“ಔಷಧದ ವಾಸನಿ ಅದು, ಅವ್ವಾ.”

“ನಿಮ್ಮಪ್ಪನೂ ಹಿಂಗ ಅಂತಿದ್ದ. ಅವಗ ಯಾವ ಡಾಕ್ಟರೂ ಔಷಧ ಕೊಟ್ಟಿರಲಿಲ್ಲ.”

ಹಾಲೇಶಪ್ಪ ಇನ್ನೊಂದು ಏಲಕ್ಕಿ ಬಾಯಿಗೆ ಹಾಕಿಕೊಂಡ.

ರಾಣೆಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆ ವರ್ಷ, ಎರಡು ಸಾವಿರದ ಐದರಲ್ಲಿ, ಕುಡಿತದಿಂದ ಲಿವರ್ ಕೆಟ್ಟವರಿಗೆ ಹೊಸ ಗುಳಿಗೆ ಕೊಟ್ಟು ನೋಡುವ ಅಧ್ಯಯನ ನಡೆದಿತ್ತು. ಗುಳಿಗೆ ಪುಕ್ಕಟೆ. ಷರತ್ತು ಒಂದೇ, ಕುಡಿಯುವಂತಿಲ್ಲ. ತಿಂಗಳಿಗೊಮ್ಮೆ ರಕ್ತ ಕೊಡಬೇಕು. ಅದರಲ್ಲಿ ಕುಡಿತದ ಸುಳಿವು ಸಿಕ್ಕರೆ ಹೆಸರು ಹೊಡೆದುಹಾಕುತ್ತಿದ್ದರು. ಹಾಲೇಶಪ್ಪನ ಹೆಂಡತಿ ನಿರ್ಮಲಾ ಕರ್ಜಗಿಯ ತವರಿನಲ್ಲಿ ಕುಳಿತು ಇದನ್ನೇ ಕಾಯುತ್ತಿದ್ದಳು. “ವರ್ಷ ತುಂಬೂತನಾ ಅವರ ಹೆಸರು ಅಲ್ಲಿ ಉಳೀಲಿ, ನಾನಾಗೇ ಬರ್ತೀನಿ” ಎಂದು ಹೇಳಿಕಳಿಸಿದ್ದಳು.

ಹೆಸರೇನೋ ಉಳಿದಿತ್ತು. ಆದರೆ ಹೋದ ತಿಂಗಳು ವರದಿ ಕೇಳಲು ಮಗನ ಜೊತೆ ಹೋದಾಗ, ಅಧ್ಯಯನ ನಡೆಸುತ್ತಿದ್ದ ಡಾಕ್ಟರ್ ತರನ್ನುಮ ಗದಿಗೆವ್ವನನ್ನು ಎದುರಿಗೆ ಕೂರಿಸಿಕೊಂಡರು. ಮುದುಕಿಗೆ ಚಳಿಯಾಗುತ್ತಿದೆಯೆಂದು ತಾವೇ ಎದ್ದು ಫ್ಯಾನು ಆರಿಸಿದರು. ಆಮೇಲೆ ಮಾತಾಡಿದರು.

“ಇವರು ಕುಡಿಯೂದು ಬಿಟ್ಟದ್ದು ಖರೇ ಅವ್ವಾರ. ರಕ್ತದಾಗ ಅದರ ಗುರುತಿಲ್ಲ. ಆದ್ರ ಲಿವರ್ ತಿಂಗಳಿಂದ ತಿಂಗಳಿಗೆ ಕೆಡಾಕತ್ತೈತಿ. ಮುಖಾ ನೋಡಿದ್ರ ಇಷ್ಟು ಕೆಟ್ಟೈತಿ ಅಂತ ನನಗೂ ಅನಸೂದಿಲ್ಲ. ಇನ್ನೊಂದು ಸಲ ರಕ್ತ ನೋಡೋಣ. ಹಿಂಗ ಬಂದ್ರ ಹುಬ್ಬಳ್ಳಿಗೆ ಕರಕೊಂಡು ಹೋಗಬೇಕು. ತಡಾ ಮಾಡಿದ್ರ ಜೀವಕ್ಕ ಬರ್ತೈತಿ.”

ಹಾಲೇಶಪ್ಪ ಗೋಡೆಗೆ ಒರಗಿ ನಿಂತುಬಿಟ್ಟ. ಹೊರಗೆ ಬಂದವನೇ ತಾಯಿಯ ಕೈ ಹಿಡಿದುಕೊಂಡ.

“ಕರಬಸೂಗ ಹೇಳಬ್ಯಾಡವ್ವ. ಎದಿ ಒಡಕೋತಾನ.”

ಕರಬಸು ಕಿರಿಯ ಮಗ. ಎಲೆ ಅಡಿಕೆಯನ್ನೂ ಬಾಯಿಗೆ ಹಾಕದವನು. ಬ್ಯಾಡಗಿಯ ಪೇಟೆಯಲ್ಲಿ ಮನೆಯ ಖಾರದ ಗಿರಣಿಯನ್ನು ಅವನೇ ನಡೆಸುತ್ತಿದ್ದ. ಅಣ್ಣ ರಕ್ತ ಕೊಡಲು ಹೊರಟಾಗಲೆಲ್ಲ ಗಿರಣಿ ನಿಲ್ಲಿಸಿ ಜೊತೆಗೆ ಹೋಗುತ್ತಿದ್ದ. ದಾರಿಯಲ್ಲಿ ಅಣ್ಣ ಸಾರಾಯಿ ಅಂಗಡಿ ಹೊಗದಿರಲಿ ಎಂದು ಕಾವಲಿಗೆ ಹೋಗುತ್ತಾನೆಂದೇ ತಾಯಿ ತಿಳಿದಿದ್ದಳು. ಇಂಥ ತಮ್ಮನಿಗೆ ಆ ಮಾತು ಹೇಗೆ ಹೇಳುವುದು? ಗದಿಗೆವ್ವ ಹೇಳಲಿಲ್ಲ.

ಅಂದಿನಿಂದ ಹಾಲೇಶಪ್ಪ ಬೇರೆಯೇ ಮನುಷ್ಯನಾದ. ತನ್ನ ಪಾಲಿನ ಹಾಲನ್ನು ತಮ್ಮನ ಲೋಟಕ್ಕೆ ಸುರಿಯುವನು. ಗಿರಣಿಗೆ ಹೋಗಿ ಮೆಣಸಿನಕಾಯಿ ಚೀಲಗಳನ್ನು ತಾನೇ ಹೊರುವನು. ಮೋಸಂಬಿ ತಂದು, ಸುಲಿದು, ಬೀಜ ತೆಗೆದು ತಮ್ಮನ ಕೈಗಿಡುವನು. ಹಿಂದೆಂದೂ ತಮ್ಮ ಉಂಡನೋ ಇಲ್ಲವೋ ಎಂದು ಕೇಳಿದವನಲ್ಲ.

“ಏನವ್ವಾ ಇಂವಾ, ಸಂತಿಗೆ ಹೊಡಿಯೂ ಹೋರಿ ಮೇಯಿಸಿದಂಗ ಮೇಯಿಸಾಕತ್ತಾನ” ಎಂದು ಕರಬಸು ನಕ್ಕ. “ನನ್ನ ಎಷ್ಟಕ್ಕ ಮಾರ್ತೀಯೋ ಅಣ್ಣಾ?”

“ಬಾಯಿ ಮುಚ್ಕೊಂಡು ತಿನ್ನು” ಎಂದ ಹಾಲೇಶಪ್ಪ, ಬೇರೆಡೆ ನೋಡುತ್ತ.

ಕರಬಸುವಿಗೆ ಕದರಮಂಡಲಗಿಯ ಹೆಣ್ಣು ನಿಶ್ಚಯವಾಗಿತ್ತು. ಮದುವೆಯ ಮಾತು ಬಂದಾಗ ಅಡ್ಡ ನಿಂತವನೂ ಹಾಲೇಶಪ್ಪನೇ. “ಈಗ ಬ್ಯಾಡ. ಸ್ವಲ್ಪ ತಡೀರಿ. ಆ ಹುಡುಗಿ ಬಾಳೇನು ಅಗ್ಗಾಗಿ ಬಿದ್ದೈತಿ?” ತನ್ನ ಸಾವಿನ ಸೂತಕ ತಮ್ಮನ ಹಂದರಕ್ಕೆ ತಟ್ಟದಿರಲಿ ಎಂದು ಮಗ ಯೋಚಿಸುತ್ತಿದ್ದಾನೆ ಎಂದುಕೊಂಡಳು ಗದಿಗೆವ್ವ. ಆ ದಿನ ಅವಳು ಬಡಿದ ರೊಟ್ಟಿಗಳೆಲ್ಲ ಹರಿದವು.

ಕರಬಸುವೂ ಇಳಿದುಹೋಗಿದ್ದ. ಅರ್ಧ ರೊಟ್ಟಿಗೇ ಕೈ ತೊಳೆಯುವನು. ಗಿರಣಿಯಿಂದ ಬಂದವನು ಕಟ್ಟೆಯ ಮೇಲೆ ಒರಗಿ ಅಲ್ಲಿಯೇ ನಿದ್ದೆಹೋಗುವನು. ಯಾರೂ ಹೇಳದಿದ್ದರೂ ಒಡಹುಟ್ಟಿದ ಕರುಳಿಗೆ ತಿಳಿದಿರಬೇಕು ಎಂದು ತಾಯಿ ಮರುಗಿದಳು. ಹಾಲೇಶಪ್ಪನ ಹಸಿವಿಗೆ ಮಾತ್ರ ಏನೂ ಆಗಿರಲಿಲ್ಲ. ಆರುವ ದೀಪ ಜೋರಾಗಿ ಉರಿಯುತ್ತದೆಂದು ಅದಕ್ಕೂ ಹೆದರಿದಳು.

ಈಗ ಈ ವಾಸನೆ. ಕುಡಿಯುತ್ತಲೇ ಇದ್ದಾನೆ, ರಕ್ತ ಮಾತ್ರ ಇಲ್ಲವೆನ್ನುತ್ತಿದೆ. ಆ ಹೊಸ ಗುಳಿಗೆಯೇ ಗುರುತನ್ನು ಅಳಿಸುತ್ತಿರಬಹುದೇ? ಪಾಪ, ಆ ಡಾಕ್ಟರಮ್ಮ ಕತ್ತಲಲ್ಲಿ ಕೈಯಾಡಿಸುತ್ತಿದ್ದಾರೆ. ಹೇಳಿಬಿಟ್ಟರೆ ಮಗನ ಹೆಸರು ಹೋಗುತ್ತದೆ, ಸೊಸೆ ಬರುವುದಿಲ್ಲ. ಹೇಳದಿದ್ದರೆ ಮಗನೇ ಹೋಗುತ್ತಾನೆ. ಮನೆ ಮುರಿದರೂ ಚಿಂತೆಯಿಲ್ಲ, ಮಗ ಬದುಕಿದ್ದರೆ ಸಾಕು. ಗದಿಗೆವ್ವ ಗಟ್ಟಿ ಮನಸ್ಸು ಮಾಡಿದಳು.

ಮರುದಿನವೇ ರಕ್ತ ಕೊಡುವ ದಿನ. ಅಣ್ಣತಮ್ಮ ಹೊರಟ ಮೇಲೆ ಅವಳು ಮುಂದಿನ ಬಸ್ಸು ಹತ್ತಿದಳು. ಕೂಸನ್ನು ಎತ್ತಿಕೊಂಡಿದ್ದ ಬುರ್ಖಾದ ಹೆಂಗಸೊಬ್ಬಳು ಸರಿದು ಜಾಗ ಕೊಟ್ಟಳು.

“ಕುಂದ್ರಿ ಅಮ್ಮಾ. ದವಾಖಾನಿಗೇನ್ರಿ? ಯಾರಿಗೆ ಆರಾಮಿಲ್ಲ?”

“ದೊಡ್ಡ ಮಗಗವ್ವ.”

ಆ ಹೆಂಗಸು ರಾಣೆಬೆನ್ನೂರು ಬರುವವರೆಗೂ ಗದಿಗೆವ್ವನ ಕೈಯ ಮೇಲೆ ಕೈ ಇಟ್ಟುಕೊಂಡೇ ಕುಳಿತಿದ್ದಳು.

ಆಸ್ಪತ್ರೆಯಲ್ಲಿ ಜನ ಕಿಕ್ಕಿರಿದಿದ್ದರು. ಡಾಕ್ಟರರ ಕೋಣೆಗೆ ರಕ್ತ ತೆಗೆಯುವ ಕೋಣೆಯನ್ನು ದಾಟಿಯೇ ಹೋಗಬೇಕು. ಅದರ ಮುಂದಿನ ಬೆಂಚಿನ ಮೇಲೆ ಅವಳ ಇಬ್ಬರು ಮಕ್ಕಳೂ ಈ ಕಡೆ ಬೆನ್ನು ಮಾಡಿ ಕುಳಿತಿದ್ದರು. ಹಾಲೇಶಪ್ಪನ ಕೈ ತಮ್ಮನ ಹೆಗಲ ಮೇಲಿತ್ತು. ಗದಿಗೆವ್ವ ಕಂಬದ ಮರೆಗೆ ಸರಿದಳು. ಮಗ ಒಳಗೆ ಹೋಗಲಿ, ಆಮೇಲೆ ಡಾಕ್ಟರರ ಕಾಲು ಹಿಡಿದಾದರೂ ಹೇಳಿಬಿಡುತ್ತೇನೆ.

ನರ್ಸ್ ಸೂಜಿ ಸಿದ್ಧ ಮಾಡಿಕೊಳ್ಳುತ್ತ, ತಲೆಯೆತ್ತದೆ ಕೂಗಿದಳು.

“ಹಾಲೇಶಪ್ಪ, ಬ್ಯಾಡಗಿ.”

ಹಾಲೇಶಪ್ಪ ತಲೆ ತಗ್ಗಿಸಿ ಕುಳಿತೇ ಇದ್ದ. ಎದ್ದು ಒಳಗೆ ಹೋಗಿ, ಅಂಗಿಯ ತೋಳು ಮೇಲೆ ಸರಿಸಿ, ರೂಢಿಯಾದವನಂತೆ ಕೈ ಚಾಚಿದವನು ಕರಬಸು.