ದಿಕ್ಕಿಲ್ಲದವರ ಪೆಟ್ಟಿಗೆ

“ಇನ್ನೊಂದು ಪೆಟ್ಟಿಗೆ ಬೇಕಾಗಿದೆ, ಅಣ್ಣ.”

ಬಡಗಿಯ ಗರಗಸ ಹಲಗೆಯ ನಡುವೆಯೇ ನಿಂತಿತು. ಬಾಗಿಲಲ್ಲಿ ತಮ್ಮ. ಅದೇ ಸವೆದ ಕೋಟು, ಅದೇ ಕೆಸರು ಮೆತ್ತಿದ ಚಪ್ಪಲಿ.

“ಮೊನ್ನೆ ತಾನೇ ಒಂದು ತಗೊಂಡು ಹೋದ್ಯಲ್ಲೋ.”

“ಅದು ಗಂಡಸಿಗೆ. ಇದು ಹೆಂಗಸಿಗೆ. ಬರೀ ನೆಲದ ಮೇಲೆ ಮಲಗಿಸಿ ಬಂದಿದ್ದೀನಿ, ಬೇಗ ಮಾಡಿಕೊಡು. ಅಗಲ ಸ್ವಲ್ಪ ಜಾಸ್ತಿ ಇರಲಿ.”

“ಅಷ್ಟು ದಪ್ಪ ಇದ್ದಾಳಾ?”

“ಇರಲಿ ಅಣ್ಣ. ಮುಚ್ಚಳಕ್ಕೆ ಮೊಳೆ ಹೊಡೀಬೇಡ. ಅದನ್ನ ನಾನು ನೋಡ್ಕೋತೀನಿ.”

ಶವಪೆಟ್ಟಿಗೆಗೆ ಮೊಳೆ ಬೇಡವೆನ್ನುವವನನ್ನು ಬಡಗಿ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಮಾಡಿಕೊಟ್ಟ.

ದಿಕ್ಕಿಲ್ಲದವನಾದರೂ ಪೆಟ್ಟಿಗೆಯಿಲ್ಲದೆ ಮಣ್ಣಿಗೆ ಹೋಗಬಾರದು. ಅದು ಅವರ ಚರ್ಚಿನ ಸಭೆಯಲ್ಲಿ ಅಜ್ಜನ ಕಾಲದಿಂದ ಬಂದ ಪದ್ಧತಿ. ಪಾದ್ರಿ ಬಾಯಿಮಾತಲ್ಲಿ ಕೇಳಿದರೆ ಸಾಕು; ಹಲಗೆ ಸಭೆಯದು, ದುಡಿಮೆ ಬಡಗಿಯದು. ಈ ಒಂದು ವಿಷಯದಲ್ಲಿ ಸಭೆಯವರು ಎಂದೂ ಹಿಂದೆಮುಂದೆ ನೋಡಿದವರಲ್ಲ. ನೆಂಟರ ಮುಂದೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತಲೂ ಇದ್ದರು.

ಬದುಕಿರುವವರ ವಿಷಯ ಬೇರೆ. ತಮ್ಮ ಪಾದ್ರಿಯಾದ ಹೊಸದರಲ್ಲಿ ಬೀದಿಬದಿ ಬಿದ್ದಿದ್ದವರನ್ನು ಕರೆತಂದು ಮುಂದಿನ ಬೆಂಚಿನಲ್ಲೇ ಕೂರಿಸಿದ. ಅವರಿಗೆ ಊಟ ಬೇಕು, ಕಂಬಳಿ ಬೇಕು, ಮಂಚ ಬೇಕು, ಔಷಧಿ ಬೇಕು ಎಂದು ಆರಾಧನೆ ಮುಗಿದ ಮೇಲೂ ಬಿಡದೆ ಬೆನ್ನುಹತ್ತಿದ. ಸಭೆಯವರು ಮೊದಲು ಮೂಗು ಮುಚ್ಚಿಕೊಂಡರು, ಆಮೇಲೆ ಕಿವಿ. ‘ಇವನನ್ನು ಪಾದ್ರಿ ಸ್ಥಾನದಿಂದ ಇಳಿಸಬೇಕೆನ್ನುವವರು ಕೈ ಎತ್ತಿ’ ಎಂದಾಗ ಮೇಲೆದ್ದ ಕೈಗಳಲ್ಲಿ ಬಡಗಿಯದೂ ಒಂದಾಗಿತ್ತು.

ಅಂದಿನಿಂದ ಅವನು ಎಲ್ಲರ ಬಾಯಲ್ಲಿ ‘ಚಿಂದಿ ಪಾದ್ರಿ’. ನದಿಯಂಚಿನ ಹಳೆಯ ಗೋದಾಮೇ ಅವನ ಮನೆ, ಅವನ ಚರ್ಚು. ಬಡವರ ಹೆಣ ಸಾಗಿಸುವ ಕೆಲಸವನ್ನು ಮಾತ್ರ ಸಭೆಯವರು ಅವನಿಗೇ ಬಿಟ್ಟರು. ಆ ಹೆಣಗಳ ಹಿಂದೆ ನಡೆಯುವ ಪುರುಸೊತ್ತು ಬೇರೆ ಯಾರಿಗಿತ್ತು?

ತಮ್ಮ ಕೈಗಾಡಿ ತಳ್ಳಿಕೊಂಡು ಹೋದ ಸ್ವಲ್ಪ ಹೊತ್ತಿಗೆ ಔಷಧಿ ಅಂಗಡಿಯವರು ಬಂದರು. ಸಭೆಯ ಹಿರಿಯರು. ಸುಮ್ಮಸುಮ್ಮನೆ ಯಾರ ಹೊಸ್ತಿಲನ್ನೂ ತುಳಿಯುವವರಲ್ಲ.

“ಚಳಿ ಶುರುವಾದಾಗಿಂದ ನಿಮ್ಮ ತಮ್ಮನ ಹತ್ರ ಇರೋರು ಒಬ್ಬರ ಹಿಂದೆ ಒಬ್ಬರು ಸಾಯ್ತಿದ್ದಾರೆ. ಗಮನಿಸಿದ್ದೀರಾ?”

“ಬಡವರು. ರೋಗದವರು. ಚಳಿ ತಡೀಬೇಕಲ್ಲ.”

“ಇರಬಹುದು.” ಅವರು ಪೆಟ್ಟಿಗೆಗೆಂದು ಕೊಯ್ದಿಟ್ಟಿದ್ದ ಹಲಗೆಯ ಮೇಲೆ ಬೆರಳಾಡಿಸಿದರು. “ಹೋದ ತಿಂಗಳು ನನ್ನ ಅಂಗಡೀಲಿ ಇಲಿ ಪಾಷಾಣ ತಗೊಂಡ. ಒಂದು ಮನೆಗೆ ಬೇಕಾಗೋಷ್ಟಲ್ಲ, ಊರಿಗೇ ಆಗೋಷ್ಟು.”

ಬಡಗಿ ಗರಗಸವನ್ನು ಕೆಳಗಿಟ್ಟ.

“ಸಾಕೋಕೆ ಆಗದೆ ಕೈಸೋತ ಮನುಷ್ಯ ಏನು ಬೇಕಾದ್ರೂ ಮಾಡ್ತಾನೆ. ನಾಳೆ ಪೊಲೀಸರನ್ನ ಕರ್ಕೊಂಡು ಹೋಗ್ತೀನಿ. ಸಭೆಯ ಮಾನ ಉಳೀಬೇಕಲ್ಲ. ನೀವು ಒಡಹುಟ್ಟಿದವರು, ಮೊದಲೇ ಒಂದು ಮಾತು ಹೇಳೋಣ ಅಂತ ಬಂದೆ.”

ಅಂದು ಬಡಗಿಗೆ ಊಟ ಸೇರಲಿಲ್ಲ. ತಮ್ಮ ಹಟಮಾರಿ ಎಂಬುದನ್ನು ಅವನು ಒಪ್ಪಿದ. ಅರೆಹುಚ್ಚ, ಅದನ್ನೂ ಒಪ್ಪಿದ. ಆದರೆ ಕೊಲೆಗಾರ? ಸಾಯುವಾಗ ಅಮ್ಮ ಅವನ ಕೈಯನ್ನು ಬಡಗಿಯ ಕೈಗಿಟ್ಟು ಕಣ್ಣು ಮುಚ್ಚಿದ್ದಳು. ಒಮ್ಮೆ ಸಭೆಯ ಮುಂದೆ ಅದನ್ನು ಕೊಡವಿಕೊಂಡಾಗಿತ್ತು. ಈಗ ಅದೇ ಕೈಗೆ ಬೇಡಿ ಬೀಳುವುದನ್ನು ನಿಂತು ನೋಡಬೇಕೆ?

“ಬೆಂಕಿ ಇಲ್ದೆ ಹೊಗೆ ಬರುತ್ತಾ?” ಎಂದಳು ಹೆಂಡತಿ, ಮುಟ್ಟದ ತಟ್ಟೆಯನ್ನು ಎತ್ತುತ್ತಾ.

ಬೆಳಕು ಹರಿಯುತ್ತಲೇ ಬಡಗಿ ಊರಾಚೆಯ ಸ್ಮಶಾನಕ್ಕೆ ಹೋದ. ತಮ್ಮನ ಮೇಲಿನ ಮಾತು ಸುಳ್ಳೆಂದು ಅಲ್ಲಿನ ಮಣ್ಣಾದರೂ ಹೇಳೀತೆಂಬ ಆಸೆ ಅವನದು. ಗುಂಡಿ ತೋಡುವವನು ಬೀಡಿ ಹಚ್ಚುತ್ತಿದ್ದ.

“ಚಿಂದಿ ಪಾದ್ರಿ ತಂದವರನ್ನೆಲ್ಲ ಎಲ್ಲಿ ಹೂತಿದ್ದೀಯಪ್ಪ?”

“ಪಾದ್ರಿಗಳಾ? ಚಳಿ ಶುರುವಾದ ಮೇಲೆ ಈ ಕಡೆ ತಲೆ ಹಾಕಿದ್ದೇ ಇಲ್ಲ.”

“ಪೆಟ್ಟಿಗೆಗಳು?”

“ಯಾವ ಪೆಟ್ಟಿಗೆಗಳು?”

ಪಾಷಾಣ ಇದೆ, ಪೆಟ್ಟಿಗೆ ಇದೆ, ಹೂತ ಗುರುತಿಲ್ಲ. ಬಡಗಿ ನದಿಯ ಕಡೆಗೆ ಬಿರಬಿರನೆ ನಡೆದ. ಪೊಲೀಸರು ಬರುವ ಮೊದಲೇ ತಮ್ಮನ ಮುಖ ನೋಡಬೇಕಿತ್ತು.

ಗೋದಾಮಿನ ಬಾಗಿಲು ಓರೆಯಾಗಿತ್ತು. ಒಳಗೆ ಮಬ್ಬು. ಗೋಡೆಯ ಬುಡದುದ್ದಕ್ಕೂ ಇಲಿ ತೋಡಿದ ಬಿಲಗಳು. ನಡುವೆ, ಇಟ್ಟಿಗೆಗಳ ಮೇಲೆ, ಪೆಟ್ಟಿಗೆಗಳು ಸಾಲಾಗಿದ್ದವು. ತನ್ನ ಕೈಕೆಲಸ ತನಗೆ ಗುರುತು ಸಿಗದೇ? ಒಂದಕ್ಕೂ ಮುಚ್ಚಳವಿರಲಿಲ್ಲ. ಒಂದೊಂದರಲ್ಲೂ ಒಬ್ಬೊಬ್ಬರು, ಕತ್ತಿನವರೆಗೆ ಹೊದಿಸಿ, ಕಣ್ಣು ಮುಚ್ಚಿ.

ತಮ್ಮ ಇವರನ್ನು ಹೂಳಿರಲಿಲ್ಲ. ಹೂಳದೆ ಇಲ್ಲೇ ಇಟ್ಟುಕೊಂಡಿದ್ದ.

ಹಿಂದಿನಿಂದ ಹೆಜ್ಜೆಯ ಸದ್ದಾಯಿತು. ನೀರಿನ ಬಕೆಟ್ಟು ಹಿಡಿದು ತಮ್ಮ ಬರುತ್ತಿದ್ದ. ಬಡಗಿ ಹಾರಿ ಅವನ ಕೋಟಿನ ಕೊರಳಪಟ್ಟಿ ಹಿಡಿದ.

“ಕೊಂದುಬಿಟ್ಟೆಯಲ್ಲೋ ಪಾಪಿ.” ಅವನ ದನಿ ತಗಡಿನ ಚಾವಣಿಗೆ ಬಡಿದು ಮರಳಿತು. “ಪೊಲೀಸರು ಬರ್ತಿದ್ದಾರೆ. ಅವರು ಬರೋದಕ್ಕೆ ಮುಂಚೆ ನೀನೇ ಹೋಗಿ ಒಪ್ಕೊಂಡುಬಿಡು. ನಾನು ಜೊತೇಲಿರ್ತೀನಿ. ಈ ಸಲ ಕೈಬಿಡಲ್ಲ ಕಣೋ.” ಹೇಳುತ್ತಾ ಅವನಿಗೆ ಅಳು ಬಂತು.

ತಮ್ಮ ಕೊಸರಿಕೊಳ್ಳಲಿಲ್ಲ. ಬಕೆಟ್ಟನ್ನು ಸದ್ದಾಗದಂತೆ ಕೆಳಗಿಟ್ಟ.

ಸಾಲಿನ ಕೊನೆಯ ಅಗಲದ ಪೆಟ್ಟಿಗೆಯಲ್ಲಿ ಹೆಂಗಸೊಬ್ಬಳು ಕಣ್ಣು ತೆರೆದು, ಪಕ್ಕದಲ್ಲಿ ಜಾರಿದ್ದ ಹೊದಿಕೆಯನ್ನು ಮೇಲಕ್ಕೆಳೆದಳು. “ಮೆಲ್ಲಗೆ ಮಾತಾಡಿಯಪ್ಪ. ಕೂಸು ಈಗಷ್ಟೇ ನಿದ್ದೆ ಹೋಗಿದೆ.”

“ಮಂಚ ಕೇಳಿದಾಗ ನೀವ್ಯಾರೂ ಕೊಡಲಿಲ್ಲ, ಅಣ್ಣ,” ಎಂದ ತಮ್ಮ. “ಪೆಟ್ಟಿಗೆ ಕೇಳಿದಾಗ ಯಾರೂ ಇಲ್ಲ ಅನ್ನಲಿಲ್ಲ.”