ಆರು ಮೈಲಿ

“ಈ ಹುಡುಗನ ಪರಿಚಯ ಇರೋರು ಕೈ ಎತ್ತಿ,” ಎಂದರು ನ್ಯಾಯಾಧೀಶೆ. ಜೂರಿಯಲ್ಲಿ ಕೂತ ಆರು ಹೈಸ್ಕೂಲು ಮಕ್ಕಳಲ್ಲಿ ಯಾರೂ ಕೈ ಎತ್ತಲಿಲ್ಲ. ನೆಬ್ರಾಸ್ಕಾದ ಆ ಸಣ್ಣ ಊರಿನಲ್ಲಿ ಯಾರಿಗೆ ಯಾರು ಗೊತ್ತಿಲ್ಲ? ಎಲ್ಲರೂ ನಿಜ ಹೇಳಿದ್ದರೆ, ಮಕ್ಕಳ ತಪ್ಪಿಗೆ ಮಕ್ಕಳೇ ಶಿಕ್ಷೆ ಗೊತ್ತುಮಾಡುವ ಈ ಕೋರ್ಟನ್ನು ಎಂದೋ ಮುಚ್ಚಬೇಕಿತ್ತು. ಆ ಆರರಲ್ಲಿ ಒಬ್ಬಳಾದ ಟೆಸ್ಸಾ ಕೂಡ ಕೈ ಮಡಿಲಲ್ಲೇ ಇಟ್ಟುಕೊಂಡಳು.

ಎದುರಿನ ಕುರ್ಚಿಯಲ್ಲಿ ಹದಿನಾಲ್ಕರ ಓರಿನ್. ಹ್ರುಸ್ಕಾ ಅಜ್ಜಿಯ ಗೇಟಿನ ಬಳಿಯ ಟಪಾಲು ಡಬ್ಬಿಯನ್ನು ಬೇಸ್‌ಬಾಲ್ ಬ್ಯಾಟಿನಿಂದ ಜಜ್ಜಿದ್ದನ್ನು ಒಪ್ಪಿಕೊಂಡಿದ್ದ. ಇಲ್ಲಿ ಕೊಟ್ಟ ಶಿಕ್ಷೆ ಮುಗಿಸಿದರೆ ಪೊಲೀಸ್ ದಾಖಲೆಯಲ್ಲಿ ಹೆಸರು ಉಳಿಯುವುದಿಲ್ಲ.

“ಅಜ್ಜಿ ಮನೆ ಆರು ಮೈಲಿ ದೂರ. ಹೆಂಗೆ ಹೋದೆ?” ಜೂರಿಯ ಮುಖಂಡ ಗ್ರೇಡಿ ಕೇಳಿದ.

“ನಡ್ಕೊಂಡು.”

“ಆ ಚಳೀಲಿ? ಬ್ಯಾಟ್ ಹೊತ್ಕೊಂಡು?”

“ನಂಗೆ ನಡೆಯೋದಂದ್ರೆ ಇಷ್ಟ.”

ಹಿಂದೆ ಕೂತಿದ್ದ ಅವನ ತಾಯಿಗೆ ತಡೆಯಲಾಗಲಿಲ್ಲ. “ಬೀದಿ ಕೊನೆ ಅಂಗಡಿಗೂ ಕಾರಲ್ಲಿ ಬಿಡಮ್ಮಾ ಅಂತಾನೆ, ಸೋಮಾರಿ!”

ಎಲ್ಲರೂ ನಕ್ಕರು, ಟೆಸ್ಸಾಳೂ. ಓರಿನ್‌ನನ್ನು ಕೂರಿಸಿಕೊಂಡು ಹೋಗಿದ್ದು ಅವಳ ಪಿಕಪ್ ಟ್ರಕ್ಕಿನಲ್ಲೇ. ಲೈಸೆನ್ಸ್ ಬಂದು ಆಗ ಮೂರು ದಿನ. ಬಾಯಿಬಿಟ್ಟರೆ ಅಪ್ಪ ಕೀಲಿ ಕಿತ್ತುಕೊಳ್ಳುತ್ತಾನೆ, ಮುಂದಿನ ವಾರ ಆ ಕುರ್ಚಿಯಲ್ಲಿ ತಾನೇ ಕೂರಬೇಕಾಗುತ್ತದೆ. ಓರಿನ್ ಮಾತ್ರ ಅಪ್ಪಿತಪ್ಪಿಯೂ ಅವಳತ್ತ ನೋಡಲಿಲ್ಲ.

ಜೂರಿ ಚರ್ಚಿಸುವ ಒಳಕೋಣೆಯ ಬಾಗಿಲು ಮುಚ್ಚಿದ್ದೇ ಗ್ರೇಡಿ ಶುರುಮಾಡಿದ. “ಡಬ್ಬಿ ಜಜ್ಜಿದ್ದಕ್ಕೆ ಇಪ್ಪತ್ತು ಗಂಟೆ ಊರಿಗೆ ಬಿಟ್ಟಿ ಕೆಲಸ. ಸುಳ್ಳು ಹೇಳಿದ್ದಕ್ಕೆ ಇನ್ನಿಪ್ಪತ್ತು. ಯಾರನ್ನೋ ಉಳಿಸ್ತಿದಾನೆ, ಪೆದ್ದ. ಆ ಮಹಾನುಭಾವ ಈಗ ಮನೇಲಿ ಕೂತು ಪಿಜ್ಜಾ ತಿಂತಿರ್ತಾನೆ.”

“ನಲವತ್ತು ಗಂಟೆ ಅಂದ್ರೆ ಅವನ ಶನಿವಾರಗಳೆಲ್ಲ ಹೋದ್ವು,” ಎಂದಳೊಬ್ಬಳು.

“ಹೋಗ್ಲಿ ಬಿಡೆ, ನಡ್ಕೊಂಡು ಬರ್ತಾನೆ!”

ಐದು ಕೈಗಳು ಎದ್ದವು. ಆರೂ ಏಳದೆ ತೀರ್ಪಿಲ್ಲ.

“ಏನೇ ಟೆಸ್ಸಾ, ನಲವತ್ತು ಜಾಸ್ತಿ ಆಯ್ತಾ?” ಗ್ರೇಡಿ ಕೇಳಿದ.

“ಇಲ್ಲ, ಸರಿಯಾಗೇ ಇದೆ,” ಎಂದಳು ಟೆಸ್ಸಾ. “ಅವನಿಗೆ ಇಪ್ಪತ್ತು ಬರಿ, ನಂಗಿಪ್ಪತ್ತು. ಗಾಡಿ ಓಡಿಸಿದ್ದು ನಾನು.”

ಗ್ರೇಡಿ ತೀರ್ಪಿನ ಹಾಳೆಯನ್ನೇ ನೋಡುತ್ತ ಕೂತ. ಅದರಲ್ಲಿ ಹೆಸರು ಬರೆಯಲು ಇದ್ದದ್ದು ಒಂದೇ ಗೆರೆ. ಟೆಸ್ಸಾ ಅವನ ಕೈಯಿಂದ ಪೆನ್ನು ಇಸಿದುಕೊಂಡು, ಅದರ ಕೆಳಗೆ ಇನ್ನೊಂದು ಗೆರೆ ಎಳೆದಳು.