ಅವಳಾಗಿ ಕೇಳುವವರೆಗೆ

ಸೋಪಿನ ಗುಳ್ಳೆಗಳು ಕೋಣೆಯ ತುಂಬ ತೇಲುತ್ತಿದ್ದವು. ಸ್ಪೀಚ್ ಥೆರಪಿಸ್ಟ್ ನೂರೀನ್ ಊದುವುದನ್ನು ನಿಲ್ಲಿಸಿ, ಬಾಟಲಿಗೆ ಮುಚ್ಚಳ ಹಾಕಿ ಲಕ್ಕಣ್ಣನ ಕೈಗಿಟ್ಟರು. "ತಾತ, ಅವಳಾಗಿ ಕೇಳೋವರ್ಗೂ ಕೊಡ್ಬೇಡಿ."

ಮೊಮ್ಮಗಳು ಚಿನ್ಮಯಿಗೆ ಎರಡೂವರೆ ವರ್ಷ. ಇನ್ನೂ ಒಂದು ಮಾತೂ ಆಡಿರಲಿಲ್ಲ. "ನಮ್ ವಂಶದಲ್ಲಿ ಎಲ್ರೂ ತಡವಾಗೇ ಮಾತಾಡಿದ್ದು, ಸುಮ್ನಿರಮ್ಮ" ಎಂದು ಲಕ್ಕಣ್ಣ ಆರು ತಿಂಗಳು ಸೊಸೆ ನಯನಾಳನ್ನು ತಡೆದಿದ್ದ. ಇವತ್ತು ಅವಳು ಆ ಮಾತು ಮೀರಿ ಪುಟ್ಟೇನಹಳ್ಳಿಯಿಂದ ಹೆಬ್ಬಾಳದ ಈ ಕ್ಲಿನಿಕ್ಕಿಗೆ ಹೊರಟಾಗ, ಮಗುವನ್ನು ಬಿಟ್ಟಿರಲಾರದೆ ತಾನೂ ಆಟೊ ಹತ್ತಿದ್ದ. ಮಗು ಕಣ್ಣೆತ್ತಿದರೆ ಸಾಕು, ಬೇಕಾದದ್ದು ನೀರೋ ಬಾಳೆಹಣ್ಣೋ ಎಂದು ಅವನಿಗೆ ತಿಳಿಯುತ್ತಿತ್ತು; ತಕ್ಷಣ ತಂದು ಕೈಗಿಡುತ್ತಿದ್ದ.

ಚಿನ್ಮಯಿ ಅವನ ಮಂಡಿಗೆ ಒರಗಿ ಬಾಟಲಿಯನ್ನು ನೋಡಿದಳು, ಅವನ ಮುಖವನ್ನು ನೋಡಿದಳು. ಲಕ್ಕಣ್ಣ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿದ. ಕೊಡಲಿಲ್ಲ. ಉಳಿದಿದ್ದ ಒಂದೇ ಗುಳ್ಳೆ ಕಿಟಕಿಯ ಬಿಸಿಲಿನಲ್ಲಿ ಬಣ್ಣ ಬದಲಿಸುತ್ತ ಎಷ್ಟೋ ಹೊತ್ತು ನಿಂತೇ ಇದ್ದಂತಿತ್ತು. ಹೊರಗಿನ ಫ್ಲೈಓವರಿನ ಗದ್ದಲವೆಲ್ಲ ಎಲ್ಲೋ ದೂರ ಸರಿಯಿತು. ಮಗುವಿನ ತುಟಿಗಳು ಮೆಲ್ಲಗೆ ದುಂಡಗಾದವು.

"ಕೊ."

ಲಕ್ಕಣ್ಣ ಬಾಟಲಿ ಕೊಟ್ಟ. ಕಣ್ಣೊರೆಸಿಕೊಳ್ಳುವುದನ್ನೂ ಮರೆತು ಸೊಸೆಯ ಕಡೆ ತಿರುಗಿದ. "ತಪ್ಪಾಯ್ತು ಕಣಮ್ಮ. ಮತ್ತೆ ಯಾವತ್ತು ಬರ್ಬೇಕು, ಕೇಳು."